ಹನ್ನೆರಡಕ್ಕೆ ಒಂದು ಕೂಡಿಸಿದ್ದು

ಚಾಮರಾಜಪೇಟೆಯ ಶೀನಣ್ಣನ ಪ್ರೆಸ್ಸಿನ ಒಳಕೋಣೆಯಲ್ಲಿ ಬೆಳಿಗ್ಗೆಯಿಂದ ಕೂತೂ ಕೂತೂ ರಂಗನಾಯಕಿಯವರ ಸೊಂಟ ಹಿಡಿದುಕೊಂಡಿತ್ತು. ಮೂವತ್ತು ವರ್ಷದ ಹಿಂದೆ, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದಾಗ, ಅವನ ಪಂಚಾಂಗಕ್ಕೆಂದು ಅವರು ಬರೆದುಕೊಟ್ಟ ಕಂಪ್ಯೂಟರ್ ಪ್ರೋಗ್ರಾಂ ಇಷ್ಟು ಕಾಲ ಒಂದು ತಿಥಿಯನ್ನೂ ತಪ್ಪಿರಲಿಲ್ಲ. ಮೊದಲ ಪುಟದಲ್ಲಿ ‘ಗಣಿತ: ರಂಗನಾಯಕಿ’ ಎಂದು ಅಚ್ಚಾಗುತ್ತಿತ್ತು. ಅವರಿಗೆ ಬೇಕಾಗಿದ್ದುದು ಆ ಒಂದು ಸಾಲು.

ಈ ಸಲ ಶೀನಣ್ಣನಿಗೆ ಹತ್ತು ವರ್ಷದ ಪಂಚಾಂಗ ಒಟ್ಟಿಗೇ ಬೇಕಾಗಿತ್ತು. ಮೊದಲ ವರ್ಷ ಅಧಿಕ ಮಾಸ ಬಂದು ಹದಿಮೂರು ತಿಂಗಳಾದದ್ದು ಸರಿಯೇ. ಎರಡನೆಯ ವರ್ಷಕ್ಕೂ ಹದಿಮೂರೇ ಬಂದು, ಅದರ ಮುಂದಿನ ಯುಗಾದಿ ವೈಶಾಖಕ್ಕೆ ಜಾರಿತ್ತು. ಸಂಜೆಯೊಳಗೆ ಸರಿಹೋಗದಿದ್ದರೆ ಬೇರೆ ಕಡೆಯಿಂದ ಗಣಿತ ತರಿಸುವುದಾಗಿ ಶೀನಣ್ಣ ಹೇಳಿಬಿಟ್ಟಿದ್ದ. ಆಗ ಆ ಸಾಲೂ ಹೋಗುತ್ತಿತ್ತು.

ಮೂರು ಗಂಟೆಗೆ ತಪ್ಪು ಸಿಕ್ಕಿತು. ತಮ್ಮದೇ ತಪ್ಪು. ಅಧಿಕ ಮಾಸ ಬಂದರೆ ಒಂದು ಕೂಡಿಸುವ ಪ್ರೋಗ್ರಾಂ ತುಣುಕಿಗೆ ಅವರು ಹನ್ನೆರಡು ಎಂಬ ಅಂಕಿಯನ್ನೇ ನೇರವಾಗಿ ಕೊಟ್ಟಿದ್ದರು. ಪ್ರೆಸ್ಸಿನ ಆ ಹಳೆಯ ಕಂಪ್ಯೂಟರೋ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯದು. ತನ್ನೊಳಗೆ ಹನ್ನೆರಡನ್ನು ಇಟ್ಟುಕೊಂಡಿದ್ದ ಜಾಗದಲ್ಲೇ ಹದಿಮೂರು ಬರೆದುಕೊಂಡು ಕೂತಿತ್ತು. ಆಮೇಲೆ ಪ್ರೋಗ್ರಾಂನಲ್ಲಿ ಎಲ್ಲಿ ಹನ್ನೆರಡು ಎಂದಿದ್ದರೂ ಅದಕ್ಕೆ ಹದಿಮೂರೇ. ವರ್ಷಕ್ಕೊಂದೇ ಪಂಚಾಂಗ ಮಾಡುವಾಗ ಪ್ರತಿ ಸಲವೂ ಪ್ರೋಗ್ರಾಂ ಹೊಸದಾಗಿ ಶುರುವಾಗುತ್ತಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹನ್ನೆರಡನ್ನು ಬೇರೊಂದು ಹೆಸರಿಗೆ ನಕಲು ಮಾಡಿ, ಆ ನಕಲಿಗೆ ಮಾತ್ರ ಕೂಡಿಸುವಂತೆ ತಿದ್ದಿದರು. ಎರಡೇ ಸಾಲು. ಯುಗಾದಿ ಚೈತ್ರಕ್ಕೆ ಮರಳಿತು. ಸಂತೋಷಪಡುವಷ್ಟು ಶಕ್ತಿಯೂ ಅವರಲ್ಲಿ ಉಳಿದಿರಲಿಲ್ಲ.

ಶೀನಣ್ಣ ಹಾಳೆಗಳನ್ನು ತಿರುವಿ ನೋಡಿ ತಲೆ ಕೆರೆದುಕೊಂಡ.

“ಸರಿಹೋಯ್ತು ಮೇಡಂ. ಆದ್ರೆ ಮೊದಲ್ನೇ ಪುಟ ಬೆಳಿಗ್ಗೇನೇ ಪ್ರಿಂಟ್ ಆಗೋಗಿದೆ. ನಿಮ್ಮ ಹೆಸರು ತೆಗೆಸ್ಬಿಟ್ಟಿದ್ದೆ. ಈ ಸಲಕ್ಕೆ ಮಾತ್ರ ಹೀಗೇ ಹೋಗ್ಲಿ, ಮುಂದಿನ ಸಲ ಹಾಕ್ಸೋಣ.”

ತಾವು ಒಳಗೆ ಕೂತು ಹುಡುಕುತ್ತಿದ್ದಾಗಲೇ ಹೊರಗೆ ಹೆಸರು ಅಳಿಸಿದ್ದ. ರಂಗನಾಯಕಿಯವರಿಗೆ ಕೋಪ ಮಾಡಿಕೊಳ್ಳುವುದಕ್ಕೂ ಆಯಾಸ.

“ಈ ಸಲಕ್ಕೆ ಮಾತ್ರ ಅಂತ್ಲೇ ನಾನೂ ಹನ್ನೆರಡಕ್ಕೆ ಒಂದು ಕೂಡ್ಸಿದ್ದು ಶೀನಣ್ಣ. ಅದು ಹಾಗೇ ಉಳ್ಕೊಂಡ್ಬಿಡ್ತು,” ಎಂದರು. “ಹೊಸ ಪುಟ ಬರೋವರ್ಗೂ ಇಲ್ಲೇ ಕೂತಿರ್ತೀನಿ.”

ಶೀನಣ್ಣ ಅಚ್ಚಿನ ಯಂತ್ರದ ಕಡೆ ನಡೆದ. ಮನೆಗೆ ಹೋಗುವ ಹನುಮಂತನಗರದ ಬಸ್ಸು ಹೋದರೆ ಹೋಗಲಿ ಎಂದುಕೊಂಡು ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾದರು.