ಗಂಟೆ ಬರುವ ಜಾಗ

ಸಂಗೀತದ ಟೀಚರ್‌ಗೆ ಆ ಬೆಳಿಗ್ಗೆ ಕುಕ್ಕರ್ ಕೂಗಿದ್ದು ಕೇಳಿಸಲಿಲ್ಲ. ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವಳು ಒಲೆಯ ಕಡೆ ಓಡಿದ್ದು. ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡ ಗಂಡ ಬಚ್ಚಲುಮನೆಯಿಂದ ಇಣುಕಿದ.

"ಏನೇ, ಅದು ಅಷ್ಟು ಹೊತ್ತಿಂದ ಬಾಯಿ ಬಡ್ಕೊಳ್ತಾ ಇದೆ, ನೀನು ಪಕ್ಕದಲ್ಲೇ ನಿಂತು ಧ್ಯಾನ ಮಾಡ್ತಿದೀಯಾ?"

"ಪರೀಕ್ಷೆ ಬಂತಲ್ರೀ. ತಲೇಲಿ ಬರೀ ಅದೇ ಓಡ್ತಿರುತ್ತೆ."

"ನಿನ್ನ ತಲೆಯೊಳಗಿನ ವಾದ್ಯಗೋಷ್ಠಿಗೆ ಒಂದಿನ ಮನೆಗೇ ಬೆಂಕಿ ಬೀಳುತ್ತೆ, ನೋಡ್ತಿರು!"

ಗಂಡ ನಕ್ಕ. ಅವಳೂ ನಕ್ಕಳು, ಅವನು ನಕ್ಕು ಮುಗಿಸಿದ ಮೇಲೆ. ಆ ತಡವಾದ ನಗು ತನ್ನ ಬಾಯಿಂದಲೇ ಹೊರಬಿದ್ದದ್ದು ಅವಳಿಗೆ ಅರಿವಾಯಿತು.

ಅದು ಅಜ್ಜಿಯ ನಗು. ಅವಳು ಚಿಕ್ಕವಳಿದ್ದಾಗ ಅಜ್ಜ ಸಂಜೆ ಹೊತ್ತು ಕಾವ್ಯ ಓದುತ್ತಿದ್ದ. ಓದುವುದೆಂದರೆ ಬರಿಯ ಓದಲ್ಲ. ಪದ ಬಿಡಿಸಿ, ರಾಗ ಕೂಡಿಸಿ, ಕೋಪದ ಮಾತಿಗೆ ದನಿ ಏರಿಸಿ, ಅಳುವ ಮಾತಿಗೆ ಇಳಿಸಿ. ಅಕ್ಕಪಕ್ಕದವರು ಬಂದು ಕೂಡುತ್ತಿದ್ದರು. ಅಜ್ಜಿಗೆ ಕಿವಿ ಮಂದ. ಆದರೂ ಮುಂದಿನ ಸಾಲಿನಲ್ಲೇ ಕೈಮುಗಿದು ಕೂತು, ಜನ ನಕ್ಕ ಮೇಲೆ ನಗುತ್ತಿದ್ದಳು, ಜನ ಕಣ್ಣೊರೆಸಿಕೊಂಡ ಮೇಲೆ ಸೆರಗು ಕಣ್ಣಿಗೆ ಒಯ್ಯುತ್ತಿದ್ದಳು. ಕೊನೆಗೆ ಮೊಮ್ಮಗಳನ್ನು ಪಕ್ಕಕ್ಕೆ ಎಳೆದುಕೊಂಡು, "ಏನಂದ್ರು? ನನ್ನ ಕಿವೀಲಿ ಹೇಳೇ" ಎನ್ನುತ್ತಿದ್ದಳು. ಹುಡುಗಿ ಅಜ್ಜ ಓದಿದ್ದನ್ನೆಲ್ಲ ಅಜ್ಜಿಯ ಕಿವಿಗೆ ಬಾಯಿಟ್ಟು ಮತ್ತೆ ಹೇಳುತ್ತಿದ್ದಳು. ಅಜ್ಜಿಯ ಕಿವಿ ಎಂಥದೆಂದು ಅವಳಷ್ಟು ಹತ್ತಿರದಿಂದ ಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಈಗ ಆ ಕಿವಿ ತನಗೇ ಬಂದಿತ್ತು. ಮೊದಲು ಹೋದದ್ದು ಹಕ್ಕಿಗಳು. ಆಮೇಲೆ ಕರೆಗಂಟೆ, ಕೊಳಲು, ಹೆಣ್ಣುಮಕ್ಕಳ ಮಾತಿನ ಚೂಪು. ದಪ್ಪ ದನಿಗಳು ಇನ್ನೂ ಇದ್ದವು: ನಗಾರಿ, ದೊಡ್ಡ ತಂತಿವಾದ್ಯ, ಲಾರಿಯ ಗುಡುಗುಡು. ಡಾಕ್ಟರ ಹತ್ತಿರ ಹೋಗಿರಲಿಲ್ಲ. ಹೋದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದರೆ ಶಾಲೆಗೂ ತಿಳಿಯುತ್ತದೆ. ಕಿವಿ ಕೇಳದ ಸಂಗೀತದ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ದೇವರ ಮುಂದೆ ನಿಂತಾಗಲೂ ಅದನ್ನು ಬಾಯಿಬಿಟ್ಟು ಬೇಡಿರಲಿಲ್ಲ. ಎಲ್ಲ ಕೇಳಿಸಿಕೊಳ್ಳುವವನು ತಾನಾಗಿ ತಿಳಿದುಕೊಳ್ಳಲಿ ಎಂದು ಸುಮ್ಮನಿದ್ದಳು.

ಅವಳು ಬದುಕಿದ್ದು ನೆನಪಿನ ಮೇಲೆ. ಆ ವರ್ಷದ ಪರೀಕ್ಷೆಗೆ ಐದು ಕೃತಿಗಳಿದ್ದವು, ಐದು ಕಾಲದವು. ಪರೀಕ್ಷೆಯ ದಿನ ಒಂದೊಂದರಿಂದ ಒಂದು ತುಣುಕು ಹಾಕುತ್ತಾರೆ. ಇದು ಯಾವುದು, ಯಾವ ಕಾಲದ್ದು, ಹೇಗೆ ಗೊತ್ತಾಯಿತು, ಯಾವ ವಾದ್ಯ ಎಲ್ಲಿ ಬಂತು ಎಂದು ಮಕ್ಕಳು ಬರೆಯಬೇಕು. ಮಕ್ಕಳು ಐದಕ್ಕೂ ಅಡ್ಡಹೆಸರು ಇಟ್ಟಿದ್ದರು. ವಾದ್ಯವೇ ಇಲ್ಲದ ಹಳೆಯ ಪ್ರಾರ್ಥನೆಗೆ 'ಬರಿಬಾಯಿ'. ಅರಮನೆಯ ನೃತ್ಯಕ್ಕೆ ಬರೆದ ಕೊಳಲು-ತಂತಿಗಳ ಕೃತಿಗೆ 'ನಾಜೂಕಯ್ಯ'. ನೂರು ಜನ ಸೇರಿ ನುಡಿಸುವ ಬಿರುಗಾಳಿಯ ಕೃತಿಗೆ 'ಮದುವೆಮನೆ ಜಗಳ'. ಆಗಿಂದಾಗ ಹುಟ್ಟಿಸಿಕೊಂಡು ಊದುವ ತುತ್ತೂರಿಗೆ 'ಬಾಯಿಗೆ ಬಂದಂತೆ'. ಯಂತ್ರಗಳ ಸದ್ದಿನಿಂದಲೇ ಕಟ್ಟಿದ ಕೊನೆಯದಕ್ಕೆ 'ಗ್ಯಾರೇಜು'. ಐದೂ ಅವಳಿಗೆ ಕಿವಿ ನೆಟ್ಟಗಿದ್ದ ಕಾಲದಿಂದಲೇ ಕಂಠಪಾಠ. ಶಾಲೆಯ ಹಳೆಯ ರೆಕಾರ್ಡು ತಿರುಗುತ್ತಿದ್ದರೆ, ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಮಂದ್ರದ ನಡುಕ ಹಿಡಿದು, ಕೊಳಲು ಬರುವ ಜಾಗಕ್ಕೆ ಸರಿಯಾಗಿ ಕೈ ಎತ್ತುತ್ತಿದ್ದಳು. ಮಿಸ್ ಎಷ್ಟು ತನ್ಮಯರಾಗಿ ಕೇಳ್ತಾರೆ ಎಂದು ಮಕ್ಕಳು ಮಾತಾಡಿಕೊಳ್ಳುತ್ತಿದ್ದರು.

ಆ ದಿನ ತರಗತಿಗೆ ಹೋದರೆ ಬಾಗಿಲಲ್ಲೇ ಹೆಡ್ ಮೇಡಂ ನಿಂತಿದ್ದರು. ಕೈಯಲ್ಲಿ ಹೊಸ ಡಬ್ಬಿ.

"ಬೋರ್ಡಿನಿಂದ ಸಿಡಿ ಬಂತು ನೋಡಿ. ಪರೀಕ್ಷೇಲಿ ಇದನ್ನೇ ಹಾಕೋದಂತೆ. ಆ ಗೀರುಬಿದ್ದ ರೆಕಾರ್ಡಿಗೆ ಇನ್ನು ಪೆನ್ಷನ್ ಕೊಡಿ. ನಾನೂ ಹಿಂದೆ ಕೂತ್ಕೊಂಡು ಕೇಳ್ತೀನಿ, ನಿಮ್ಮ ಪಾಡಿಗೆ ನೀವು ಪಾಠ ಮಾಡಿ."

ಹೆಡ್ ಮೇಡಂ ದನಿ ದಪ್ಪ, ಅದಕ್ಕೇ ಅಷ್ಟೂ ತಿಳಿಯಿತು. ಹೊಸ ಸಿಡಿ. ಇವಳು ಒಮ್ಮೆಯೂ ಕೇಳದ್ದು. ಇನ್ನು ಕೇಳಲೂ ಆಗದ್ದು.

ನಾಜೂಕಯ್ಯನೊಬ್ಬನಿಂದ ಸದ್ಯಕ್ಕೆ ಅಪಾಯವಿಲ್ಲ ಅನ್ನಿಸಿತು. ಅದು ಬರೆದಿಟ್ಟದ್ದು, ಯಾರು ನುಡಿಸಿದರೂ ಅದೇ ತಾನೇ? ಸಿಡಿ ಹಾಕಿ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಅಂಗೈಗೆ ನಡುಕ ಬಂತು, ಗುರುತಿನದೇ ನಡೆ. ಉಸಿರು ಸ್ವಲ್ಪ ಹಗುರವಾಯಿತು. ಮೊದಲ ಭಾಗ ಮುಗಿಯಿತು. ಅವಳು ಮಕ್ಕಳ ಕಡೆ ತಿರುಗಿ ಬೆರಳನ್ನು ತುಟಿಯ ಮೇಲಿಟ್ಟಳು.

"ಈಗ ನೋಡಿ, ಕೊಳಲು ನಿಂತುಹೋಯ್ತು. ತಂತಿಗಳು ಮಾತ್ರ. ಇದ್ದಕ್ಕಿದ್ದ ಹಾಗೆ ಮನೆಯಲ್ಲಿ ಯಾರೂ ಇಲ್ಲವೇನೋ ಅನ್ಸುತ್ತೆ, ಅಲ್ವಾ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿಯ ಪಕ್ಕದ ಉದ್ದಣ್ಣ ತಲೆತಗ್ಗಿಸಿ ನಗು ನುಂಗಿದ. ಮುಂದಿನ ಬೆಂಚಿನ ಪಟಾಕಿ, ಮೂಳೆಮೂಳೆ ಹುಡುಗಿ, ಸದಾ ಚಟಪಟ ಮಾತಾಡುವುದಕ್ಕೆ ಆ ಹೆಸರು, ಕೈ ಎತ್ತಿದಳು. ಟೀಚರ್ ಅವಳ ತುಟಿಗಳನ್ನು ನೋಡಿದಳು.

"ಮಿಸ್, ಕೊಳಲು ಊದ್ತಾನೇ ಇದಾರಲ್ಲ. ಮೊದಲನೇ ಭಾಗಾನೇ ಮತ್ತೆ ಬರ್ತಿದೆ."

ಎರಡು ಚುಕ್ಕಿ! ಸ್ವರಲಿಪಿಯಲ್ಲಿ ಮೊದಲ ಭಾಗದ ಕೊನೆಗೆ ಎರಡು ಚುಕ್ಕಿ ಇಟ್ಟಿದ್ದಾರೆ. ಮತ್ತೊಮ್ಮೆ ನುಡಿಸಿ ಎಂದರ್ಥ. ಹಳೆಯ ರೆಕಾರ್ಡಿನವರು ಅದನ್ನು ಗಣನೆಗೇ ತೆಗೆದುಕೊಂಡಿರಲಿಲ್ಲ, ಇವರು ಪಾಲಿಸಿದ್ದಾರೆ. ಚುಕ್ಕಿಯ ಪಾಠವನ್ನು ಮಕ್ಕಳಿಗೆ ಹೇಳಿಕೊಟ್ಟವಳೂ ಅವಳೇ. ಹಿಂದಿನ ಬೆಂಚಿನಲ್ಲಿ ಹೆಡ್ ಮೇಡಂ ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟದ್ದು ಕಾಣಿಸಿತು. ನಾಲಿಗೆ ಅವಳನ್ನು ಕೇಳದೆಯೇ ಹೊರಳಿತು.

"ಶಭಾಷ್! ಯಾರು ಮೊದಲು ಹಿಡೀತೀರೋ ನೋಡೋಣ ಅಂತಾನೇ ಸುಳ್ಳು ಹೇಳಿದ್ದು. ಟೀಚರ್ ಅಂದ ಮಾತ್ರಕ್ಕೆ ನಂಬಿಬಿಡೋದಾ?"

ತರಗತಿ ಹೋ ಎಂದು ನಕ್ಕಿತು. ಹೆಡ್ ಮೇಡಂ ಬೆಂಚು ಬಿಟ್ಟು ಮುಂದೆ ಬಂದರು.

"ಚೆನ್ನಾಗಿ ಬಲೆ ಬೀಸ್ತೀರಿ ಕಣ್ರೀ! ನಾಳೆ ಬೇರೆ ಶಾಲೆಯ ಟೀಚರುಗಳು ಬರ್ತಾರೆ, ಅವರ ಮುಂದೆಯೂ ಇದೇ ಪಾಠ ಮಾಡಿ. ಐದಕ್ಕೂ."

ಅವರು ಹೋದರು. ಗಂಟೆಯಾಯಿತು, ಮಕ್ಕಳು ಎದ್ದದ್ದರಿಂದ ಅದು ತಿಳಿಯಿತು. ಟೀಚರ್ ಕುರ್ಚಿಯಲ್ಲಿ ಕುಸಿದಳು. ಗೆದ್ದೆ ಅನ್ನಿಸಲಿಲ್ಲ. ನಾಳೆ 'ಬಾಯಿಗೆ ಬಂದಂತೆ' ಹಾಕಬೇಕು. ಆ ತುತ್ತೂರಿಯವನು ನಿನ್ನೆ ಊದಿದ್ದನ್ನು ಇವತ್ತು ಊದುವವನಲ್ಲ. ಈ ಸಿಡಿಯಲ್ಲಿ ಏನು ಊದಿದ್ದಾನೋ. ಅಲ್ಲಿ ಯಾವ ನೆನಪೂ ಕೈಹಿಡಿಯುವುದಿಲ್ಲ.

ತಲೆಯೆತ್ತಿದರೆ ಪಟಾಕಿ ಮೇಜಿನ ಎದುರು ನಿಂತಿದ್ದಳು. ಯಾವಾಗಿನಿಂದ ಮಾತಾಡುತ್ತಿದ್ದಳೋ. ಟೀಚರ್ ಮುಗುಳ್ನಕ್ಕು "ಹೂಂ" ಎಂದಳು. ಅರ್ಥವಾಗದಾಗಲೆಲ್ಲ ಅನ್ನುವ "ಹೂಂ" ಅದು.

ಹುಡುಗಿಯ ಮುಖ ಬಿಳಿಚಿತು. "ಹೂಂ ಅಂದ್ರೆ... ನಿಜವಾಗ್ಲೂ ನನ್ನ ಕಿವಿ ಸರಿಯಿಲ್ವಾ ಮಿಸ್?"

"ಏನಂದೆ? ಇಲ್ಲಿ ಬಾ, ಹತ್ರ ಬಾ."

ಪಟಾಕಿ ಮೇಜು ಸುತ್ತಿ ಬಂದು, ಕೈಬೆರಳು ಹಿಸುಕಿಕೊಳ್ಳುತ್ತ ಮೊದಲಿನಿಂದ ಹೇಳಿದಳು. "ಮದುವೆಮನೆ ಜಗಳದಲ್ಲಿ ಬಿರುಗಾಳಿ ನಿಂತ ಮೇಲೆ ಚಿಕ್ಕ ಗಂಟೆ ಬರುತ್ತೆ ಅಂತ ನೀವು ಕೈ ಎತ್ತುತೀರಲ್ಲ, ನನಗದು ಒಂದ್ಸಲಾನೂ ಕೇಳ್ಸಿಲ್ಲ. ಎಲ್ಲರೂ ಹೂಂ ಕೇಳ್ಸ್ತು ಅಂತಾರೆ. ನಾನೂ ಅಂತೀನಿ. ಇವತ್ತು ಹೆಡ್ ಮೇಡಂ ಬಲೆ ಅಂದ್ರಲ್ಲ, ಅದೂ ಬಲೆ ಇರಬಹುದು ಅಂತ ಕೇಳೋಕೆ ಬಂದೆ. ಬಲೆನಾ, ಇಲ್ಲಾ ನನ್ನ ಕಿವಿ ಹೋಗಿದ್ಯಾ ಅಂದೆ. ನೀವು ಹೂಂ ಅಂದ್ರಿ." ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. "ಅಮ್ಮಂಗೂ ಹೇಳಿಲ್ಲ ಮಿಸ್. ಹೆದರಿಕೆ ಆಗುತ್ತೆ."

ಟೀಚರ್ ಎದ್ದು ಹೋಗಿ ಹಳೆಯ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮದುವೆಮನೆ ಜಗಳದ ಕೊನೆಗಿಂತ ಸ್ವಲ್ಪ ಮೊದಲು ಉಗುರುದ್ದದ ಗೀರು. ಮುಳ್ಳು ಅಲ್ಲಿ ಹಾರಿ ಮುಂದಕ್ಕೆ ಬೀಳುತ್ತಿತ್ತು. ಗಂಟೆ ಅದರಡಿಯಲ್ಲೇ ಹೂತುಹೋಗಿತ್ತು. ತಿಂಗಳುಗಟ್ಟಲೆ ಅವಳು ಇಲ್ಲದ ಗಂಟೆಗೆ ಕೈ ಎತ್ತಿದ್ದಳು. ತರಗತಿಯ ತುಂಬ ಮಕ್ಕಳು ಅಜ್ಜಿಯ ಹಾಗೆ ಕೂತು ತಡವಾಗಿ ತಲೆಯಾಡಿಸಿದ್ದರು. ಅವರಲ್ಲಿ ಒಬ್ಬಳು ತನ್ನ ಒಳ್ಳೆಯ ಕಿವಿಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದಳು.

ಈಗಲೂ ದಾರಿಯಿತ್ತು. ಹೂಂ ಕಣೇ, ಅದೂ ಬಲೆಯೇ, ಎಂದರೆ ಮುಗಿಯಿತು. ಹುಡುಗಿ ಕುಣಿಯುತ್ತ ಹೋಗುತ್ತಾಳೆ. ಆದರೆ ಮುಂದಿನ ಸಲ ಏನೋ ಕೇಳಿಸದಾಗ? ಟೀಚರ್ ಬೆಂಚಿನ ಅಂಚು ಹಿಡಿದು ಕೂತಳು.

"ನಿನ್ನ ಕಿವಿ ಬಂಗಾರದಂಥದು ಕಣೇ. ಆ ಗಂಟೆ ಅಲ್ಲಿ ಇರಲೇ ಇಲ್ಲ. ಹೋಗಿರೋದು ನನ್ನ ಕಿವಿ."

ಪಟಾಕಿ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದಳು. ಅದು ಟೀಚರ್‌ಗೆ ಬೈಗುಳಕ್ಕಿಂತ ಚುಚ್ಚಿತು.

"ಕೊಳಲು?"

"ಕೇಳ್ಸಲ್ಲ."

"ನಾವು ಮಾತಾಡೋದು?"

"ನಿನ್ನ ತುಟಿ ನೋಡ್ತೀನಿ. ಉದ್ದಣ್ಣನದು ಕೇಳುತ್ತೆ, ಅವನ ಗಂಟಲು ಒಡೆದಿದೆಯಲ್ಲ."

"ಸೋಮವಾರ ಪರೀಕ್ಷೆ ಮಿಸ್!" ಹುಡುಗಿಯ ಕಣ್ಣಲ್ಲಿ ನೀರು, ಅದರ ಹಿಂದೆಯೇ ಸಿಟ್ಟು. "ನಾವು ನೀವು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದೀವಿ. ಎಲ್ಲಾ ತಪ್ಪಾಗಿದ್ರೆ? ಮೊದಲೇ ಯಾಕೆ ಹೇಳಲಿಲ್ಲ?"

"ಹೆದರಿಕೆ ಕಣೇ."

ಹೆದರಿಕೆ ಹುಡುಗಿಗೂ ಗೊತ್ತಿತ್ತು. ಯಾರಿಗೂ ಹೇಳಬೇಡ ಎಂಬ ಮಾತು ಟೀಚರ್‌ನ ಗಂಟಲವರೆಗೆ ಬಂತು, ಅದನ್ನು ನುಂಗಿಕೊಂಡಳು. ಪಟಾಕಿ ಮೂಗನ್ನು ತೋಳಿಗೆ ಒರೆಸಿ, ಸಿಡಿಯ ಡಬ್ಬಿಯನ್ನು ತಾನೇ ಎತ್ತಿಕೊಂಡಳು.

"ಮದುವೆಮನೆ ಜಗಳ ಹಾಕ್ತೀನಿ. ಎಲ್ಲೆಲ್ಲಿ ಏನು ಬರುತ್ತೆ ನಾನು ಹೇಳ್ತೀನಿ. ಅದು ಯಾಕೆ ಹಾಗೆ ಬರುತ್ತೆ ಅಂತ ನೀವು ಹೇಳಿ."

ಬಿರುಗಾಳಿ ಎದ್ದಿತು. ಅದು ಅಂಗೈಗೆ ಪೂರ್ತಿ ಬಂತು. ಟೀಚರ್ ಕಣ್ಣುಮುಚ್ಚಲಿಲ್ಲ, ಮುಚ್ಚಿದರೆ ತುಟಿ ಕಾಣುವುದಿಲ್ಲ. ಗಾಳಿ ತಗ್ಗಿತು, ಪೆಟ್ಟಿಗೆಯ ನಡುಕ ನಿಂತಿತು. ಕೈ ಎತ್ತುವ ಜಾಗ ಇದೇ. ಅವಳು ಎತ್ತಲಿಲ್ಲ. ಕಾದಳು. ಎಲ್ಲ ಕಡೆ ಹತ್ತಿ ತುಂಬಿದಂಥ ಮೌನ, ಒಳಗೆ ತನ್ನದೇ ನಾಡಿಯ ಬಡಿತ. ಮಣಿಕಟ್ಟಿನ ಮೇಲೆ ಹುಡುಗಿಯ ಬೆರಳು ಮೆತ್ತಗೆ ಕುಟ್ಟಿತು. ಇನ್ನೊಮ್ಮೆ. ಪಟಾಕಿ ಅವಳ ಕಿವಿಗೆ ಬಾಯಿಟ್ಟಳು.

"ಬಂತು ಮಿಸ್. ಬಂತು! ತುಂಬಾ ಚಿಕ್ಕದು. ದೂರದಲ್ಲಿ ಯಾರೋ ಬದುಕಿದಾರೆ ಅನ್ನೋ ಹಾಗಿದೆ."

ಕಿವಿಗೆ ಬಿಸಿ ಉಸಿರು ತಾಗಿತು. ಎಷ್ಟು ಸಂಜೆ ಹೀಗೆಯೇ ತಾನು ಅಜ್ಜಿಯ ಕಿವಿಗೆ ಊದಿದ ಉಸಿರು ಅದು.

ಹುಡುಗಿಯ ಬೆರಳು ಇದ್ದಕ್ಕಿದ್ದಂತೆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿಯಿತು. ಅವಳ ಕಣ್ಣು ಬಾಗಿಲ ಕಡೆಗಿತ್ತು. ಟೀಚರ್ ತಿರುಗಿದಳು. ಮರೆತ ಕನ್ನಡಕಕ್ಕೆ ಬಂದಿರಬೇಕು, ಹೊಸ್ತಿಲಲ್ಲಿ ಹೆಡ್ ಮೇಡಂ. ಹೊರಗಿನ ಬೆಳಕು ಅವರ ಬೆನ್ನಿಗಿತ್ತು. ಮುಖ ಕಪ್ಪು, ತುಟಿ ಕಾಣದು. ಏನೋ ಕೇಳುತ್ತಿದ್ದರು. ಸಂಗೀತ ಮತ್ತೆ ಎದ್ದು ಆ ದಪ್ಪ ದನಿಯನ್ನೂ ನುಂಗಿತ್ತು. ಪ್ರಶ್ನೆ ಮುಗಿದಿದೆ ಎಂದು ತಿಳಿದದ್ದು ತಲೆ ವಾಲಿದ ರೀತಿಯಿಂದ.

"ಹೂಂ" ಬಾಯಿಗೆ ಬಂದಿತ್ತು. ಅದರ ಜೊತೆ ಮುಗುಳ್ನಗೆಯೂ.

ಅವಳು ಎದ್ದು ನಿಂತಳು.

"ಮೇಡಂ, ನನಗೆ ಕೇಳಿಸಲಿಲ್ಲ. ಬೆಳಕಿಗೆ ಬಂದು ಇನ್ನೊಂದ್ಸಲ ಹೇಳ್ತೀರಾ?"