ಕೊಡೆ ಕಾರ್ಖಾನೆಯ ಅಟ್ಟ

ಮುಚ್ಚಿಹೋದ ಕೊಡೆ ಕಾರ್ಖಾನೆಯ ಅಟ್ಟವನ್ನು ಆಫೀಸು ಮಾಡಿಕೊಡುವ ಕೆಲಸ ಅಕ್ಕತಂಗಿಯರಿಬ್ಬರಿಗೆ ಸಿಕ್ಕಿದ್ದು ಅಕ್ಕನ ಹೆಸರಿನಿಂದ. ಒಳಾಂಗಣ ವಿನ್ಯಾಸದಲ್ಲಿ ಅಕ್ಕನದು ಪಳಗಿದ ಕೈ. ನಕ್ಷೆ ಬರೆಯುವವಳು ಅವಳು. ಮರ, ಗಾಜು, ಬಣ್ಣ ತರಿಸಿ, ಕೆಲಸದವರ ಬೆನ್ನು ಹತ್ತಿ ಮಾಡಿಸುವವಳು ತಂಗಿ. ಇಬ್ಬರೂ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಅಕ್ಕ. ಮುಂದೆ ಕಸುಬು ಕಲಿಸಿದ್ದೂ ಅವಳೇ.

ಅಟ್ಟವನ್ನು ಬಾಡಿಗೆಗೆ ಹಿಡಿದವನು ಒಂದು ಜಾಹೀರಾತು ಕಂಪನಿಯ ಮಾಲೀಕ. "ನಮ್ಮ ಹುಡುಗರು ತಲೆ ಓಡಿಸಿ ಬದುಕೋರು. ಒಳಗೆ ಕಾಲಿಟ್ರೆ ಆಫೀಸು ಅಂತ ಅನ್ನಿಸಬಾರದು" ಎಂದ.

ಅಕ್ಕ ಅಟ್ಟವನ್ನೆಲ್ಲ ಒಂದು ಸುತ್ತು ಹಾಕಿದಳು. ಇಳಿಜಾರು ಛಾವಣಿ, ತುಕ್ಕು ಹಿಡಿದ ಕಬ್ಬಿಣದ ಕಂಬಗಳು, ಒಂದು ಪಕ್ಕಕ್ಕೆ ಉದ್ದಕ್ಕೂ ಕಿಟಕಿ. "ಕಂಬ ಮುಚ್ಚೋದು ಬೇಡ, ತುಕ್ಕು ಉಜ್ಜಿಸಿ ಹಾಗೇ ಬಿಡೋಣ. ತೊಲೆಗಳೂ ಕಾಣ್ಲಿ. ಕಿಟಕಿ ಉದ್ದಕ್ಕೂ ಒಂದೇ ಮೇಜು. ಮಾತಾಡೋಕೆ ಗಾಜಿನದೊಂದು ಕೋಣೆ. ಆ ತಗ್ಗು ಮೂಲೇಲಿ ಹಾಸಿಗೆ, ದಿಂಬು."

"ಅಲ್ಲಿ ನಿಂತ್ರೆ ತಲೆ ಬಡಿಯುತ್ತಲ್ಲ?" ಎಂದ ಮಾಲೀಕ.

"ಅದಕ್ಕೇ ಮಲಗಿ ಯೋಚನೆ ಮಾಡ್ಲಿ. ಕೂತ್ಕೊಂಡು ನಿದ್ದೆ ಮಾಡೋದಕ್ಕಿಂತ ವಾಸಿ."

ಮಾಲೀಕ ಬಿದ್ದು ಬಿದ್ದು ನಕ್ಕ. ಕೆಲಸ ಅವತ್ತೇ ಕೈಗೆ ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಒಂದು ತುಂಡು ಕಾಗದದ ಮೇಲೆ ಅಟ್ಟವನ್ನು ಗೀಚುತ್ತ ಬಂದಳು.

ಕೆಲಸ ಶುರುವಾಗಿ ಸ್ವಲ್ಪ ದಿನಕ್ಕೆ ಮರಗೆಲಸದ ಮೇಸ್ತ್ರಿ ನಕ್ಷೆ ಹಿಡಿದುಕೊಂಡು ತಂಗಿಯ ಹತ್ತಿರ ಬಂದ. "ಗಾಜಿನ ಕೋಣೆಗೆ ಬಾಗಿಲೇ ಇಲ್ವಲ್ಲ ಮೇಡಂ. ಜನರನ್ನ ಹಗ್ಗ ಕಟ್ಟಿ ಮೇಲಿಂದ ಇಳಿಸೋದಾ?"

ತಂಗಿಗೂ ನಗು ಬಂತು. ಮನೆಗೆ ಹೋಗಿ ಅದನ್ನೇ ಹೇಳಿ ಅಕ್ಕನನ್ನು ಛೇಡಿಸಿದಳು. ಅಕ್ಕ ನಗಲಿಲ್ಲ. ನಕ್ಷೆಯನ್ನು ಬಹಳ ಹೊತ್ತು ನೋಡಿ, "ನೀನೇ ಅಳಿಸಿದ್ದೀಯ" ಎಂದಳು.

"ನಾನ್ಯಾಕೆ ಅಳಿಸ್ಲಿ ಅಕ್ಕಾ?"

"ನಂಗೇನು ಗೊತ್ತು? ನನ್ನ ಕೆಲಸ ಕಂಡ್ರೆ ನಿಂಗೆ ಮೊದಲಿಂದಲೂ ಹೊಟ್ಟೆಕಿಚ್ಚು."

ಅಕ್ಕನ ಬಾಯಲ್ಲಿ ಅಂಥ ಮಾತು ಎಂದೂ ಬಂದಿರಲಿಲ್ಲ. ಮಾರನೆಯ ದಿನ ತಿದ್ದಿ ಕೊಟ್ಟ ನಕ್ಷೆಯಲ್ಲಿ ಬಾಗಿಲೇನೋ ಇತ್ತು. ಅದನ್ನು ತೆಗೆದರೆ ಕಾಲಿಡುವುದು ಕಿಟಕಿಯಾಚೆಯ ಬಯಲಿಗೆ. ತಂಗಿ ಉಳಿದ ಹಾಳೆಗಳನ್ನೂ ಹರವಿಕೊಂಡು ಕೂತಳು. ಉದ್ದನೆಯ ಮೇಜು ಒಂದರಲ್ಲಿ ಕಿಟಕಿಯ ಬಳಿಯಿತ್ತು, ಇನ್ನೊಂದರಲ್ಲಿ ಮೆಟ್ಟಿಲಿಗೆ ಅಡ್ಡವಾಗಿತ್ತು. ಗೆರೆಗಳು ಮಾತ್ರ ಎಂದಿನಂತೆ ನೇರ, ಅಚ್ಚುಕಟ್ಟು. ಅದನ್ನು ನೋಡಿಯೇ ಅವಳಿಗೆ ಅಳು ತಡೆಯಲಾಗಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕನ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಇದು ಬರೀ ಮರೆವಲ್ಲ, ಮರೆವಿನ ಕಾಯಿಲೆ. ವಯಸ್ಸಿಗೆ ಮುಂಚೆ ಬಂದಿದೆ, ಇನ್ನು ವಾಸಿಯಾಗುವುದಿಲ್ಲ. ಅಕ್ಕ ಪಾಠ ಕೇಳುವವಳ ಹಾಗೆ ಕೇಳಿಸಿಕೊಂಡು, "ಒಂದು ಅಟ್ಟದ ಕೆಲಸ ಕೈಲಿದೆ. ಅದೊಂದು ಮುಗಿಸಬಹುದಾ?" ಎಂದಳು. ಡಾಕ್ಟರು ತಂಗಿಯ ಕಡೆ ತಿರುಗಿ ಔಷಧಿಯ ವಿವರ ಹೇಳತೊಡಗಿದರು.

ಆಮೇಲೆ ಅಕ್ಕ ಮನೆಯಲ್ಲಿ ಬರೆಯುತ್ತಲೇ ಇದ್ದಳು. ತಂಗಿ "ಚೆನ್ನಾಗಿದೆ ಅಕ್ಕ" ಎಂದು ಸುರುಳಿ ಸುತ್ತಿ ತೆಗೆದುಕೊಂಡು ಹೋಗಿ, ಅಟ್ಟದಲ್ಲಿ ಮೊದಲ ದಿನದ ಆ ಗೀಚು ಕಾಗದ ಎದುರಿಗಿಟ್ಟುಕೊಂಡು ಬೇರೆ ನಕ್ಷೆ ಬರೆಯುತ್ತಿದ್ದಳು. ಅವಳ ಗೆರೆ ಅಕ್ಕನದರಂತೆ ಬರುತ್ತಿರಲಿಲ್ಲ. ಮೇಸ್ತ್ರಿಗೆ ಗೊತ್ತಾಗಿರಬೇಕು. ತಮಾಷೆ ಮಾಡುವುದನ್ನು ನಿಲ್ಲಿಸಿಬಿಟ್ಟ.

ಆಫೀಸು ತೆರೆದ ದಿನ ತಂಗಿ ಅಕ್ಕನಿಗೆ ಒಳ್ಳೆಯ ಸೀರೆ ಉಡಿಸಿ ಕರೆತಂದಳು. ಕಿಟಕಿಯ ಬೆಳಕು ಮೇಜಿನುದ್ದಕ್ಕೂ ಬಿದ್ದಿತ್ತು. ತಗ್ಗು ಮೂಲೆಯಲ್ಲಿ ಇಬ್ಬರು ಹುಡುಗಿಯರು ಆಗಲೇ ದಿಂಬಿಗೊರಗಿ ಹರಟುತ್ತಿದ್ದರು. ಮಾಲೀಕ ಬಂದವರಿಗೆಲ್ಲ ಅಕ್ಕನನ್ನು ತೋರಿಸಿ ಪರಿಚಯ ಮಾಡಿಕೊಟ್ಟ.

"ಕೆಳಗಿನ ಅಂತಸ್ತನ್ನೂ ತಗೊಂಡಿದ್ದೀನಿ. ಅದೂ ನಿಮ್ಮದೇ" ಎಂದ.

"ಇಲ್ಲ ಸರ್, ಈಗ ಆಗಲ್ಲ" ಎಂದಳು ತಂಗಿ.

"ಯಾಕಾಗಲ್ಲ?" ಅಕ್ಕನ ದನಿ ಹಳೆಯ ದನಿಯೇ. "ನನ್ನ ಕೇಳದೆ ಬೇಡ ಅನ್ನೋಕೆ ನೀನ್ಯಾರೆ? ಮಾಡ್ತೀವಿ ಸರ್. ನಾಳೆನೇ ಜಾಗ ನೋಡ್ತೀನಿ." ಮಾಲೀಕನ ಕೈ ಕುಲುಕಿ, ಕಂಬಗಳ ಬಗ್ಗೆ ಏನೋ ಹೇಳಿ ಅವನನ್ನು ನಗಿಸಿದಳು. ಆ ಗಳಿಗೆಯಲ್ಲಿ ಡಾಕ್ಟರ ಮಾತೇ ಸುಳ್ಳಿರಬಹುದು ಅನ್ನಿಸಿತು ತಂಗಿಗೆ. ಎದೆ ಹಗುರಾಯಿತು.

ಮಾಲೀಕ ಅತ್ತ ಹೋದ. ಅಕ್ಕ ಮೇಜಿನ ಅಂಚನ್ನು ಸವರುತ್ತ ಸುತ್ತಲೂ ನೋಡಿದಳು.

"ಯಾರು ಮಾಡಿದ್ದೋ, ಚೆನ್ನಾಗಿ ಮಾಡಿದ್ದಾರೆ ಕಣೆ. ಈ ಕೆಲಸ ನಮಗ್ಯಾಕೆ ಸಿಗಲಿಲ್ಲ?"

ತಂಗಿ ಅಕ್ಕನ ಕೈ ಹಿಡಿದು ಮೆಟ್ಟಿಲಿಳಿಸಿದಳು.

ಮಾರನೆಯ ದಿನ ಹಿತ್ತಿಲಿಗೆ ಹೋಗಿ ಮಾಲೀಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಒಳ್ಳೆಯವನು, ಮರುಗಿದ. ಕೆಲಸ ಬೇರೆಯವರ ಪಾಲಾಯಿತು.

ವಿಚಿತ್ರವೆಂದರೆ, ಅಟ್ಟವನ್ನು ಮರೆತ ಅಕ್ಕ ಕೆಳಗಿನ ಅಂತಸ್ತಿನ ಮಾತನ್ನು ಮರೆಯಲಿಲ್ಲ. "ಕೆಳಗಿನ ಅಂತಸ್ತು ಯಾವಾಗ ಶುರು?" ಎಂದು ಬೆಳಿಗ್ಗೆ ಎದ್ದಕೂಡಲೇ ಕೇಳುತ್ತಿದ್ದಳು. "ಇನ್ನೂ ಕೀಲಿ ಕೊಟ್ಟಿಲ್ಲ ಅಕ್ಕ" ಎಂದು ತಂಗಿ ದಿನವೂ ಸುಳ್ಳು ಹೇಳಿದಳು. ಹೇಳಿ ಹೇಳಿ ಬೇಸತ್ತು, ಒಮ್ಮೆ ಗದರಿಯೂಬಿಟ್ಟಳು.

ಒಂದು ಬೆಳಿಗ್ಗೆ ಅಕ್ಕ ಕೇಳಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕಿಟಕಿಯಾಚೆ ನೋಡುತ್ತ ಕೂತಳು. ತಂಗಿ ಅಲ್ಲೇ ಸುಳಿದಾಡಿದಳು, ಲೋಟ ತೆಗೆದಳು, ಅದಿದ್ದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು. ಕೊನೆಗೆ ತಡೆಯಲಾರದೆ ತಾನೇ, "ಅಕ್ಕಾ, ಕೆಳಗಿನ ಅಂತಸ್ತಿನ ಕೀಲಿ..." ಎಂದಳು.

ಅಕ್ಕ ಅವಳನ್ನು ನೋಡಿ, ಮನೆಗೆ ಬಂದ ಗುರುತಿಲ್ಲದವರನ್ನು ನೋಡಿ ನಗುವ ಹಾಗೆ, ಮರ್ಯಾದೆಗೆ ನಕ್ಕಳು.