ಆರಿದ್ದ ದೀಪ

ಈ ಬಿಳಿ ಪುಡಿ ಹಿಮದ್ದಲ್ಲ, ಬ್ಯಾಟರಿಯ ತುದಿಯಲ್ಲಿ ಬೂಷ್ಟಿನಂತೆ ಕೂತದ್ದು, ಉಗುರಿನಿಂದ ಕೆರೆದರೆ ಉದುರುತ್ತದೆ, ಕೆರೆದದ್ದಾಯಿತು, ಬಿಸಿನೀರು ಹುಯ್ದದ್ದಾಯಿತು, ತಂತಿ ಬಿಗಿದದ್ದಾಯಿತು — ಗಾಡಿ ಕೆಟ್ಟದ್ದು ಇದರಿಂದಲ್ಲ ಎಂದು ಮೆಕ್ಯಾನಿಕ್ ಮುತ್ಸುವೊನ ಬೆರಳುಗಳಿಗೆ ಮೊದಲೇ ಗೊತ್ತಿತ್ತು, ಆದರೂ ಕ್ರಮ ಅಂದರೆ ಕ್ರಮ, ಹೆಂಡತಿ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಾಳೆಂದು ಕ್ರಮ ತಪ್ಪಿಸಿದರೆ ಅವಳೇ ಎದ್ದು ಬಂದು ಬೈದಾಳು. ಮೊದಲು ತುದಿ, ಆಮೇಲೆ ಬೆಲ್ಟ್, ಆಮೇಲೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್. ಬೆಲ್ಟ್ ಹೆಬ್ಬೆರಳಿಗೆ ಎಷ್ಟು ಬಗ್ಗಬೇಕೋ ಅಷ್ಟೇ ಬಗ್ಗುತ್ತದೆ. ಬಾಗಿಲಾಚೆ ಸನ್ಯಾಸಿಯ ಪಠಣ ಇನ್ನೂ ನಡೆದಿದೆ, ಅದು ಮುಗಿದರೆ ಹೂವು, ಹೂವಾದ ಮೇಲೆ ಮುಚ್ಚಳ, ಮುಚ್ಚಳವಾದ ಮೇಲೆ ಇದೇ ಗಾಡಿ ಹೊರಡಬೇಕು, ಮರದ ಕೆತ್ತನೆಯ ಛಾವಣಿ ಹೊತ್ತ ಈ ಹಳೆಯ ಶವವಾಹನ, ಬೆಳಿಗ್ಗೆ ಕೀಲಿ ತಿರುಗಿಸಿದರೆ ಗೊಟಕ್ ಎಂದು ಸುಮ್ಮನಾದ ಗಾಡಿ. ಒಗಾತಾ ಬಂದು ನಿಂತಿದ್ದಾನೆ, ಅಂತ್ಯಕ್ರಿಯೆಯ ಅಂಗಡಿಯವನು, ಗಾಡಿಯ ಮಾಲೀಕ, ಕರಿ ಕೋಟಿನ ಮೇಲೆಲ್ಲ ಹಿಮ. ಹಠ ಬಿಡು ಮುತ್ಸುವೊ, ನನ್ನ ಟ್ರಕ್ಕಿಂದ ಕರೆಂಟು ಕೊಟ್ಟು ಎಬ್ಬಿಸಿದ್ದಾಯ್ತಲ್ಲ, ಮತ್ತೆ ಮಲಗ್ತು, ಪಕ್ಕದೂರಿಂದ ಹೊಸ ಗಾಡಿ ತರಿಸ್ತೀನಿ, ಬೆಟ್ಟದ ದಾರೀಲಿ ನಿಂತ್ಬಿಟ್ರೆ ಏನ್ ಗತಿ ಹೇಳು. ಗತಿ ಏನೂ ಇಲ್ಲ, ಹೆಣ ಹೊತ್ತ ಗಾಡಿ ನಡುದಾರಿಯಲ್ಲಿ ನಿಂತರೆ ಹಿಮಿ ಎಂಬ ಈ ಊರಿನ ಮೀನುಗಾರರು ವರ್ಷವಿಡೀ ಅದನ್ನೇ ಆಡಿಕೊಳ್ಳುತ್ತಾರೆ. ಆದರೆ ಹೆಂಡತಿ ಶಿಗೆಮಿ ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದ ಗಾಡಿ ಇದು, ಇನ್ನೊಬ್ಬರ ಗಾಡಿಯಲ್ಲಿ ಅವಳನ್ನು ಕಳಿಸುವುದೆಂದರೆ ಅವಳ ಪಾಲಿನ ಅನ್ನವನ್ನು ಪಕ್ಕದ ಮನೆಯಿಂದ ತಂದು ಬಡಿಸಿದ ಹಾಗೆ.

ಗಾಡಿ ಕೆಮ್ಮಬಾರದು ಕಣ್ರೀ, ಅನ್ನುತ್ತಿದ್ದಳು, ಒಬ್ರನ್ನ ಕೊನೇ ಸಲ ಕೂರಿಸ್ಕೊಂಡು ಹೋಗ್ತಿರ್ತೀನಿ, ನಿಮ್ಮ ರಿಪೇರಿ ನಂಬ್ಕೊಂಡು. ಹೊರಡುವಾಗ ಹಾರ್ನ್ ಒತ್ತುವಳು, ಬಿಳಿ ಕೈಗವಸಿನ ಕೈ, ಒಂದೇ ಉದ್ದನೆಯ ಕೂಗು, ಎಷ್ಟು ಹೊತ್ತು ಎಂದರೆ ತನ್ನ ಉಸಿರನ್ನೂ ಜೊತೆಗೇ ಬಿಡುತ್ತಾ ಅದು ಮುಗಿಯುವ ತನಕ, ಅವಳ ಅಳತೆ ಅದು — ಸತ್ತವರ ಹತ್ರ ಇಲ್ಲದ್ದನ್ನ ನಾನು ಸ್ವಲ್ಪ ಕೊಡ್ತೀನಿ, ಇನ್ನೇನಿಲ್ಲ. ಶಕ್ತಿ ಇಲ್ಲದ ಬ್ಯಾಟರಿಯಲ್ಲಿ ಆ ಹಾರ್ನ್ ಕಪ್ಪೆಯ ಹಾಗೆ ವಟಗುಟ್ಟೀತು. ಟ್ರಕ್ಕಿನ ತಂತಿ ಮತ್ತೆ ಕಟ್ಟಿ ಎಂಜಿನ್ ಎಬ್ಬಿಸಿ, ತಂತಿ ಬಿಚ್ಚಿ, ವೋಲ್ಟ್ ಮೀಟರಿನ ಮುಳ್ಳು ನೋಡುತ್ತಾನೆ, ಹದಿನಾಲ್ಕರತ್ತ ಏರಬೇಕಾದದ್ದು ಹನ್ನೆರಡರಿಂದಲೂ ಜಾರುತ್ತಿದೆ, ಹುಟ್ಟಬೇಕಾದ್ದು ಹುಟ್ಟುತ್ತಿಲ್ಲ. ಎಂಜಿನ್ ಆರಿಸಿ ಆಲ್ಟರ್ನೇಟರಿನ ಬೆನ್ನು ಬಿಚ್ಚಿ ನೋಡುತ್ತಾನೆ, ಒಳಗಿನ ಕಾರ್ಬನ್ ಬ್ರಷ್ ಸವೆದಿಲ್ಲ, ತಂತಿ ಸುಟ್ಟಿಲ್ಲ, ಎಲ್ಲ ಸರಿಯಿದೆ, ಸರಿಯಿದ್ದೇ ಸಾಯುತ್ತಿದೆ. ಅಪ್ಪಾ, ಮಗಳು ಕಾಯೊ, ಬಾಗಿಲಲ್ಲಿ, ಕಪ್ಪು ಕಿಮೋನೊ, ಅಪ್ಪಾ ಹೂ ಇಡೋದಕ್ಕೆ ಕರೀತಿದಾರೆ, ಬನ್ನಿ. ಬಂದೆ ಕಣಮ್ಮ. ಶವವಾಹನ ಕಂಡರೆ ಹೆಬ್ಬೆರಳು ಮುಷ್ಟಿಯೊಳಗೆ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಹೆತ್ತವರು ಹೋಗುವಾಗ ಪಕ್ಕದಲ್ಲಿರುವ ಭಾಗ್ಯವಿಲ್ಲ ಎಂಬ ನಂಬಿಕೆ, ಊರಿನ ಮಕ್ಕಳೆಲ್ಲ ಮುಚ್ಚುತ್ತಾರೆ, ಪುಟ್ಟ ಕಾಯೊ ಕೂಡ ಗೆಳತಿಯರ ನಡುವೆ ನಿಂತು ಮುಚ್ಚಿಕೊಂಡಿದ್ದಳು, ಓಡಿಸುತ್ತಿದ್ದದ್ದು ತನ್ನ ಅಮ್ಮ, ಊಟಕ್ಕೆ ಕೂತಾಗ ಗೊಳೋ ಎಂದು ಅತ್ತಳು. ಶಿಗೆಮಿ ನಕ್ಕಿದ್ದಳು, ಮುಚ್ಕೋ ಪುಟ್ಟಿ, ಗಟ್ಟಿಯಾಗಿ ಮುಚ್ಕೋ, ನನಗೇ ಒಳ್ಳೇದು. ಯಾವಾಗಲೂ ನಗು, ಹೊಟ್ಟೆ ತುಂಬ ಊಟ, ಏನಾಗಿಲ್ಲ ಕಣ್ರೀ, ವಯಸ್ಸು, ಅಷ್ಟೇ. ರೋಗ ಒಳಗೆ ಬಹಳ ದಿನದಿಂದ ಇದ್ದಿರಬೇಕು ಎಂದರು ವೈದ್ಯರು. ಒಂದು ನರಳಿಕೆಯಿಲ್ಲ, ಮುಖದಲ್ಲಿ ಒಂದು ಗೆರೆಯಿಲ್ಲ, ಏನೂ ಕಾಣಲಿಲ್ಲ —

ಕಾಣಲಿಲ್ಲ. ಮುತ್ಸುವೊ ಚಾಲಕನ ಬಾಗಿಲು ತೆರೆದು ಕೂರುತ್ತಾನೆ, ಕೀಲಿಯನ್ನು ಅರ್ಧ ಮಾತ್ರ ತಿರುಗಿಸುತ್ತಾನೆ, ಸ್ಟೀರಿಂಗಿನ ಹಿಂದೆ ಚಾರ್ಜಿನ ದೀಪದ ಪುಟ್ಟ ದುಂಡು ಗಾಜು ಕಪ್ಪಗೆ ಕೂತಿದೆ. ಎಂಜಿನ್ ಓಡುವಾಗ ಅದು ಆರಿರಬೇಕು, ಆರಿದ್ದರೆ ಎಲ್ಲ ಕ್ಷೇಮ, ಬೆಳಿಗ್ಗೆಯಿಂದ ಅವನೂ ಹಾಗೆಯೇ ಓದಿಕೊಂಡ. ಆದರೆ ಈಗ, ಬರಿಯ ಕೀಲಿಗೆ, ಅದು ಕೆಂಪಗೆ ಉರಿಯಬೇಕಿತ್ತು. ಈ ಗಾಡಿಯಲ್ಲಿ ಆ ದೀಪದ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಹನಿ ಕರೆಂಟು ಹೋಗುವುದು, ಆ ಹನಿ ಸಿಕ್ಕಿದರೇನೇ ಅದು ಏಳುವುದು, ಬಲ್ಬು ಸತ್ತರೆ ಇಡೀ ಯಂತ್ರ ಸುಮ್ಮನೆ ಸುತ್ತುತ್ತದೆ, ಯಾರಿಗೂ ಹೇಳದೆ. ಕಪ್ಪು ಗಾಜನ್ನು ಕ್ಷೇಮವೆಂದು ನಂಬಿದ್ದ. ಎರಡೂ ಕಡೆ ನಂಬಿದ್ದ, ಗಾಡಿಯಲ್ಲೂ ಅವಳ ನಗುವಿನಲ್ಲೂ. ಕೈ ಕೆಲಸ ಮಾಡುತ್ತದೆ, ಮುಂದಿನ ದೊಡ್ಡ ದೀಪ ಹಚ್ಚಿದಾಗ ಪಕ್ಕದಲ್ಲೇ ಹೊತ್ತುವ ಗುರುತಿನ ಬಲ್ಬೂ ಇದೇ ಜಾತಿಯದು, ಹಗಲಲ್ಲಿ ಅದರ ಅಗತ್ಯ ಯಾರಿಗಿದೆ, ಅದನ್ನು ಕಿತ್ತು ಇಲ್ಲಿಗೆ ಹಾಕುತ್ತಾನೆ. ಕೀಲಿ. ಕೆಂಪು. ಒಗಾತಾ ಮತ್ತೆ ತಂತಿ ಹಿಡಿದು ಬರುತ್ತಾನೆ, ಏನಾಯ್ತೋ, ಅಳ್ತಿದೀಯಾ. ಇಲ್ಲ, ಕೊಡು ಕರೆಂಟು. ಎಂಜಿನ್ ಎದ್ದಿತು, ಮುಳ್ಳು ಏರಿತು, ಹದಿಮೂರು ದಾಟಿ ಹದಿನಾಲ್ಕು. ಎಂಜಿನ್ ಆರಿಸದೆ ಒಳಗೆ ಹೋಗಿ ಅವಳ ಕಿವಿಯ ಪಕ್ಕ ಬಿಳಿ ಸೇವಂತಿಗೆ ಇಟ್ಟ, ಮುಚ್ಚಳ ಮುಚ್ಚಿದರು, ಹೊಸ್ತಿಲಲ್ಲಿ, ಸತ್ತವರು ಮರಳದಿರಲೆಂಬ ಪದ್ಧತಿಯಂತೆ, ಅವಳ ಅನ್ನದ ಬಟ್ಟಲನ್ನು ಕಾಯೊ ಎತ್ತಿ ಒಡೆದಳು, ಪೆಟ್ಟಿಗೆ ಗಾಡಿ ಏರಿತು. ಅಪ್ಪಾ, ನೀವೇ ಓಡಿಸ್ತೀರಾ. ನಾನೇ. ಹಾರ್ನಿನ ಮೇಲೆ ಅಂಗೈ ಒತ್ತುತ್ತಾನೆ, ಕೂಗು ಎದ್ದು ಸಮುದ್ರದ ಕಡೆ ಹೋಗುತ್ತದೆ, ಅವನು ತನ್ನ ಉಸಿರನ್ನೂ ಜೊತೆಗೇ ಬಿಡುತ್ತಾನೆ, ಮುಗಿಯುತ್ತಾ ಬಂದರೂ ಕೈ ತೆಗೆಯಲಾರ, ಕಣ್ಣು ಆ ದುಂಡು ಗಾಜಿನ ಮೇಲಿದೆ, ಎಂಜಿನ್ ಓಡುತ್ತಿದೆ, ಆರಿರಬೇಕಾದದ್ದು ಆರಿದೆ, ಸರಿಯಾಗಿದೆ, ಎಲ್ಲ ಸರಿಯಾಗಿದೆ, ಒಂದು ಸಲ, ಒಂದೇ ಒಂದು ಸಲ ಉರಿಯೇ ಶಿಗೆಮಿ, ಕಪ್ಪು, ಪುಟ್ಟ ದುಂಡು ಗಾಜು, ಕಪ್ಪು